ಬೆಳಕು ತಿರುಗಿಸಿದವನು

"ಅಲುಗಬೇಡಿ! ಕಾಲೆತ್ತಿದ್ರೆ ಇಬ್ರೂ ಸತ್ತಂತೆ!"

ಡೋರ್ಕಸ್ ಕಲ್ಲಾದಳು.

ವಿದ್ಯುದ್ದೀಪವಿಲ್ಲದ ಕಾಲದ ಲಂಡನ್ನಿನ ಆ ರಂಗಮಂದಿರದಲ್ಲಿ ವೇದಿಕೆಯ ನೆತ್ತಿಯ ಮೇಲಿದ್ದ ದೀಪದ ಅಟ್ಟಕ್ಕೆ ನರ್ತಕಿಯರು ಹತ್ತುತ್ತಿರಲಿಲ್ಲ. ಇಂದು ತಾಲೀಮಿನ ನಡುವೆಯೇ ಅವಳು ಕೆಂಡದಂಥ ಕೋಪ ಹೊತ್ತು ಏಣಿಯೇರಿದ್ದಳು. ನಿನ್ನೆ ಅವಳು ಕಿನ್ನರಿ ರಾಣಿಯಾಗಿ ಕುಣಿಯುತ್ತಿದ್ದಾಗ ದೀಪದಾಳು ಸೈಲಸ್ ಬೆಳಕನ್ನು ಥಟ್ಟನೆ ಗೋಡೆಗೆ ತಿರುಗಿಸಿದ್ದ. ಪ್ರೇಕ್ಷಕರು ಸಿಳ್ಳೆ ಹೊಡೆದಿದ್ದರು. ಇನ್ನೊಮ್ಮೆ ಹೀಗಾದರೆ ಪಾತ್ರ ಇನ್ನೊಬ್ಬ ನರ್ತಕಿ ಫ್ಯಾನಿಗೆ ಎಂದು ಮಾಲೀಕರು ಗುಡುಗಿದ್ದರು.

"ಫ್ಯಾನಿ ಎಷ್ಟು ಬಿಯರ್ ಕುಡಿಸಿದ್ಳೋ ನಿಂಗೆ?" ಎಂದು ನುಗ್ಗಿದವಳ ಹೆಜ್ಜೆ, ಅನಿಲದ ಚೀಲವನ್ನು ಅದುಮಿದ್ದ ಹಲಗೆಯ ಮೇಲೆ ಬಿದ್ದಿತ್ತು. ಅಲ್ಲಿದ್ದ ತೂಕದ ಕಬ್ಬಿಣ ಪಕ್ಕಕ್ಕುರುಳಿತ್ತು. ಈಗ ಚೀಲವನ್ನು ಒತ್ತಿ ಹಿಡಿದಿದ್ದುದು ಅವಳ ಮೈಭಾರ ಮಾತ್ರ!

ಎರಡು ಚೀಲ, ಎರಡು ಅನಿಲ. ದೀಪದ ಬಾಯಲ್ಲಿ ಕೂಡಿ ಉರಿದು ಸುಣ್ಣದ ತುಂಡೊಂದನ್ನು ಸೂರ್ಯನಂತೆ ಬೆಳಗಿಸುತ್ತಿದ್ದವು. ಒಂದರ ಒತ್ತಡ ತಪ್ಪಿದರೆ ಇನ್ನೊಂದು ಅದರೊಳಗೆ ನುಗ್ಗುತ್ತದೆ... ಬೆನ್ನಿಗೇ ಬೆಂಕಿಯೂ!

ಹಿಸ್ಸ್...

"ಸೈಲಸ್... ಕಾಲು ನಡುಗ್ತಿದೆ..."

"ನನ್ನ ಮುಖ ನೋಡಿ, ಮಿಸ್. ಬೇಕಾದ್ರೆ ಬೈತಾ ಇರಿ."

"ದ್ರೋಹಿ! ಬೆಳಕು ಯಾಕೋ ತಿರುಗಿಸ್ದೆ?"

ಅವನು ಆಮ್ಲಜನಕದ ನಲ್ಲಿಯನ್ನು ಕೂದಲೆಳೆಯಷ್ಟಷ್ಟೇ ತಿರುಗಿಸಿ ಮುಚ್ಚತೊಡಗಿದ. ಆ ಕೈಗೆ ಬಟ್ಟೆ ಸುತ್ತಿತ್ತು.

"ಸುಣ್ಣ ಬಿರಿದಿತ್ತು. ಉರಿಯೋ ಚೂರುಗಳು ನಿಮ್ಮ ತೆಳು ಲಂಗದ ಮೇಲೆ ಬೀಳ್ತಿದ್ವು. ದೀಪ ತಿರುಗಿಸಿ ಕೈ ಒಡ್ಡಿದೆ."

ತೆಳು ಲಂಗ... ಬೆಂಕಿ... ಬೆಂದುಹೋದ ಗೆಳತಿಯೊಬ್ಬಳ ಕೂಗು ಅವಳ ಕಿವಿಯಲ್ಲಿ ಮೊರೆಯಿತು.

"ಬಿರಿದಿದ್ದು ಯಾಕೆ?"

"ಸುಣ್ಣಾನ ಆಗಾಗ ತಿರುಗಿಸ್ತಾ ಇರ್ಬೇಕು." ಅವನ ದನಿ ತಗ್ಗಿತು. "ನಿಮ್ಮನ್ನ ನೋಡ್ತಾ ಮರೆತುಬಿಟ್ಟೆ... ಬಾಯ್ಬಿಟ್ರೆ ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದೆ."

ಮೊದಲ ನಲ್ಲಿ ಮುಚ್ಚಿತು, ಹಿಂದೆಯೇ ಎರಡನೆಯದೂ. ಕತ್ತಲು!

"ಈಗ ಕಾಲೆತ್ತಿ."

ಎತ್ತಿದವಳು ಕುಸಿದಳು. ಅವನು ಹಿಡಿದುಕೊಂಡ.

"ಬೆಳಕೆಲ್ಲೋ, ಕತ್ತೆ?" ಕೆಳಗಿನಿಂದ ಮಾಲೀಕರು ಅರಚಿದರು. ಸೈಲಸ್ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದ. ಅವಳು ಅಂಗೈಯಿಂದ ಅದನ್ನು ಮುಚ್ಚಿದಳು.

"ನಿನ್ನೆ ಸುಣ್ಣ ಬಿರಿದಿತ್ತಂತೆ, ಸರ್! ಕೈ ಸುಟ್ಕೊಂಡು ನನ್ನ ಉಳಿಸಿದಾನೆ!"

ಮಾಲೀಕರ ದನಿ ಮೆತ್ತಗಾಯಿತು.

"ಹಾಗಿದ್ರೆ ಇಳಿದು ಬಾ, ತಾಯಿ! ರಾಣಿ ಇಲ್ದೆ ತಾಲೀಮು ನಿಂತಿದೆ!"

ಡೋರ್ಕಸ್ ಕತ್ತಲಲ್ಲೇ ಅವನ ಸುಟ್ಟ ಕೈಯನ್ನು ಮೆಲ್ಲನೆ ಹಿಡಿದಳು.

"ನಾನು ಕುಣಿಯೋವಾಗ ನೀನು ಸುಣ್ಣ ನೋಡು, ಸೈಲಸ್. ಆಟ ಮುಗಿದ್ಮೇಲೆ..."

"ಮುಗಿದ್ಮೇಲೆ?"

"ಹಿಂಬಾಗಿಲ ಹತ್ರ ನಿಂತಿರ್ತೀನಿ. ಎಷ್ಟು ಬೇಕಾದ್ರೂ ನನ್ನ ನೋಡು."