ಕರೆಂಟ್ ಹೋಗಿ ಬಂದರೆ ಕಾಣುವ ಹೆಸರು

ಅಳಿಸಿದೆನೋ, ಇಲ್ಲವೋ?

ಬಿನ್ನಿಪೇಟೆಯ ಮನೆಯ ಹಿತ್ತಲಲ್ಲಿ ಒದ್ದೆ ಕೂದಲು ಬಾಚುತ್ತ ನಿಂತ ಸಂಧ್ಯಾಳಿಗೆ ಇದೊಂದು ಬಿಟ್ಟು ಬೇರೇನೂ ತೋಚುತ್ತಿರಲಿಲ್ಲ. ಆ ಸಾಲನ್ನು ಅಳಿಸಬೇಕೆಂದುಕೊಂಡದ್ದು ನೆನಪಿದೆ. ಅಳಿಸಿದ್ದು ನೆನಪಿಲ್ಲ.

ಮಾರಲು ಒಯ್ಯುವ ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದ ಅಮ್ಮ ಚಿಕ್ಕಮುನಿಯಮ್ಮ ತಲೆಯೆತ್ತಿ ನೋಡಿದಳು. "ಏನೇ, ಬಾಚಣಿಗೆ ತಲೇಲೇ ಬಿಟ್ಕೊಂಡು ನಿಂತಿದೀಯ. ಯಾರ ಮೇಲಮ್ಮ ಧ್ಯಾನ?"

ಯಾರ ಮೇಲೂ ಇಲ್ಲವೆಂದು ಸಂಧ್ಯಾ ಹೇಳಿದ ರೀತಿಗೇ ಅಮ್ಮನಿಗೆ ನಗು ಬಂತು.

ಸಂಧ್ಯಾ ಕೆಲಸಕ್ಕಿದ್ದದ್ದು ಚಾಮರಾಜಪೇಟೆಯಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಪುಟ್ಟ ಆಫೀಸಿನಲ್ಲಿ. ಮದುವೆ ಛತ್ರಗಳ ಬಾಗಿಲಿಗೆ ಹಾಕುವ, ಕೆಂಪು ದೀಪದ ಅಕ್ಷರಗಳು ಸಾಲಾಗಿ ಓಡುವ ಬೋರ್ಡುಗಳನ್ನು ಅಲ್ಲಿ ಮಾಡುತ್ತಿದ್ದರು. ಬೋರ್ಡಿನ ಒಳಗೆ ಅಂಗೈಯಗಲದ ಒಂದು ಕಂಪ್ಯೂಟರ್. ಅದರ ಕರೆಂಟಿನ ಹಸಿವೂ ಅಷ್ಟಕ್ಕಷ್ಟೇ. ಕರೆಂಟ್ ಹೋದರೆ ಸಣ್ಣ ಬ್ಯಾಟರಿಯಲ್ಲೇ ಹೊತ್ತು ಕಳೆಯುತ್ತಿತ್ತು. ಆದರೆ ಅದರ ಜೊತೆ ಹೊರದೇಶದಿಂದ ಬಂದ ಪ್ರೋಗ್ರಾಮಿಗೆ ಕನ್ನಡ ಬರುತ್ತಿರಲಿಲ್ಲ. ಬೇಡದ ಗಡಿಯಾರ, ಬೊಂಬೆ, ಬಾಣಗಳೆಲ್ಲ ಅದರಲ್ಲಿ ತುಂಬಿಕೊಂಡಿದ್ದವು. ಅವನ್ನು ಕಿತ್ತು ಹಾಕಿ, ಸಿಕ್ಕ ಚೂರುಪಾರು ಜಾಗದಲ್ಲಿ ಕನ್ನಡದ ಅಕ್ಷರಗಳನ್ನು ಕೂರಿಸುವುದು ಸಂಧ್ಯಾಳ ಕೆಲಸ. ಬೆಸುಗೆ ಹಾಕಿ ಬೋರ್ಡು ಜೋಡಿಸುವುದು, ಛತ್ರಕ್ಕೆ ಹೋಗಿ ನೇತುಹಾಕುವುದು ಮುನೇಶನದು.

ಮುನೇಶ ಮತ್ತಿಕೆರೆಯವನು. ಬೆಸುಗೆ ಹಾಕುವಾಗ ಉಸಿರು ಬಿಗಿಹಿಡಿದು, ಮುಗಿದ ಮೇಲೆ ಒಮ್ಮೆ ಅವಳತ್ತ ನೋಡಿ ಉಸಿರು ಬಿಡುತ್ತಿದ್ದ. ಹೊಗೆ ಅವಳ ಕಡೆ ಹೋಗದಂತೆ ಟೇಬಲ್ ಫ್ಯಾನನ್ನು ತಿರುಗಿಸಿಡುತ್ತಿದ್ದ. "ನಿಮಗಿಂತ ನಿಮ್ಮ ಬೋರ್ಡೇ ಜಾಸ್ತಿ ಮಾತಾಡತ್ತೆ ಕಣ್ರೀ," ಎಂದು ರೇಗಿಸುತ್ತಿದ್ದ. ಅದಕ್ಕೊಂದು ಉತ್ತರ ಅವಳಿಗೆ ಹೊಳೆಯುತ್ತಿದ್ದದ್ದು ಮನೆಗೆ ಹೋಗುವ ಬಸ್ಸಿನಲ್ಲಿ.

ಅಂಥದೊಂದು ಸಂಜೆ, ಆಫೀಸಿನಲ್ಲಿ ಒಬ್ಬಳೇ ಅಕ್ಷರಗಳನ್ನು ಪರೀಕ್ಷಿಸುತ್ತ, ಅವಳ ಬೆರಳುಗಳು ತಾವಾಗಿಯೇ 'ಸಂಧ್ಯಾ ವೆಡ್ಸ್ ಮುನೇಶ್' ಎಂದು ಬರೆದುಬಿಟ್ಟವು. ಕೆಂಪು ಅಕ್ಷರಗಳು ಬಲದಿಂದ ಎಡಕ್ಕೆ ಓಡಿದವು, ಮತ್ತೆ ಓಡಿದವು. ಕೆನ್ನೆ ಬಿಸಿಯಾಗುವ ತನಕ ನೋಡಿ ಸ್ವಿಚ್ ಆರಿಸಿದ್ದಳು.

ಬರೆದದ್ದು ಎಲ್ಲಿ ಎಂಬುದೇ ಈಗಿನ ಚಿಂತೆ. ಮದುವೆಯವರು ಕೀಬೋರ್ಡಿನಲ್ಲಿ ಹೊಡೆದ ಹೆಸರು ಬೋರ್ಡು ಹೊತ್ತಿರುವ ತನಕ ಮಾತ್ರ ಇರುತ್ತದೆ. ಪೂರ್ತಿ ಆರಿ ಮತ್ತೆ ಹೊತ್ತಿಕೊಂಡರೆ, ಬೋರ್ಡು ಅದನ್ನು ಮರೆತು ತನ್ನೊಳಗೆ ಖಾಯಂ ಬರೆದಿಟ್ಟ ಸಾಲನ್ನು ತೋರಿಸುತ್ತದೆ. ಅವಳು ಬರೆದದ್ದು ಆ ಖಾಯಂ ಸಾಲಿನಲ್ಲಿ. ಅದೇ ಬೋರ್ಡು ಇವತ್ತು ಬಸವನಗುಡಿಯ ಛತ್ರವೊಂದರ ಬಾಗಿಲ ಮೇಲಿದೆ.

ಆಫೀಸಿಗೆ ಓಡಿ, ಬೋರ್ಡಿಗೆ ತುಂಬಿಸಿದ್ದ ತನ್ನ ಫೈಲು ತೆರೆದಳು. ಸಾಲು ಇದ್ದಂತೆಯೇ ಇತ್ತು.

ಮುನೇಶ ಆಗಲೇ ಛತ್ರಕ್ಕೆ ಹೋಗಿದ್ದ. ಫೋನ್ ಮಾಡಬಹುದಿತ್ತು. ಆದರೆ ಹೇಳುವುದೇನೆಂದು? ಯಜಮಾನ ಪಂಚಾಕ್ಷರಯ್ಯನವರ ಬಳಿ ಸಣ್ಣ ತಿದ್ದುಪಡಿ ಇದೆಯೆಂದು ತೊದಲಿ, ಅವರ ಲ್ಯಾಪ್‌ಟಾಪನ್ನೂ ಕೇಬಲನ್ನೂ ಎದೆಗವಚಿಕೊಂಡು ಆಟೋ ಹತ್ತಿದಳು.

ಛತ್ರದ ಬಾಗಿಲಲ್ಲಿ 'ಸೌಂದರ್ಯಾ ವೆಡ್ಸ್ ರವಿಕುಮಾರ್' ನೆಮ್ಮದಿಯಾಗಿ ಓಡುತ್ತಿತ್ತು. ಅದರ ಕೆಳಗೆ ಮುನೇಶ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಅವಳನ್ನು ಕಂಡವನ ಕಣ್ಣು ಮೊದಲು ಅರಳಿ, ಆಮೇಲೆ ಲ್ಯಾಪ್‌ಟಾಪಿನ ಮೇಲೆ ಇಳಿಯಿತು.

"ಬೋರ್ಡು ಆರಿಸ್ಬೇಕು. ಒಂದು ತಪ್ಪಿದೆ ಅದ್ರಲ್ಲಿ," ಎಂದಳು.

"ಏನು ತಪ್ಪು?"

ಸಂಧ್ಯಾ ಕೇಬಲನ್ನು ಬೆರಳಿಗೆ ಸುತ್ತಿಕೊಂಡಳು.

ಅಷ್ಟರಲ್ಲಿ ಮದುಮಗಳ ದೊಡ್ಡಪ್ಪ ಸಿದ್ದಬಸಪ್ಪನವರ ಕಿವಿಗೆ ಆರಿಸುವ ಮಾತು ಬಿತ್ತು. ಪೇಟ ಸರಿಮಾಡಿಕೊಳ್ಳುತ್ತ ಬಂದವರು, ಅಕ್ಷತೆ ಬೀಳುವ ಮುಂಚೆ ಜೋಡಿ ಹೆಸರು ಆರಿಸಿದರೆ ಹೆಂಗಸರು ಸುಮ್ಮನಿರುತ್ತಾರೆಯೇ ಎಂದು ಕೇಳಿದರು. ಅದೂ ದೀಪವೇ ತಾನೇ ಎಂಬುದು ಅವರ ವಾದ. "ಮುಹೂರ್ತ ಮುಗೀಲಮ್ಮ. ಆಮೇಲೆ ಇಡೀ ಬೋರ್ಡೇ ಬಿಚ್ಕೊಂಡು ಹೋಗಿ."

ಮುನೇಶ ನಗು ಕಚ್ಚಿಕೊಂಡು ತಲೆಯಾಡಿಸಿದ. ಸಂಧ್ಯಾ ಬಾಗಿಲ ಕಂಬಕ್ಕೆ ಒರಗಿ ನಿಂತಳು. ಬ್ಯಾಟರಿ ಇದೆಯಲ್ಲ, ಕರೆಂಟ್ ಹೋದರೂ ಆರುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒಳಗೆ ಓಲಗ ಜೋರಾಯಿತು.

ಗಟ್ಟಿಮೇಳ ಮೊಳಗಿ, ಎಲ್ಲರ ಕೈ ಅಕ್ಷತೆ ಚೆಲ್ಲಿದ ಮರುಗಳಿಗೆಗೆ ಕರೆಂಟ್ ಹೋಯಿತು. ವಿಡಿಯೋದವರ ದೀಪಗಳು ಆರಿದವು. ಜೊತೆಗೇ ಬೋರ್ಡೂ ಆರಿತು. ಹೂವಿನ ಅಲಂಕಾರದವರು ತಮ್ಮ ಸರದೀಪಗಳಿಗೆಂದು ಬೋರ್ಡಿನ ಬ್ಯಾಟರಿಯ ತಂತಿಯನ್ನೇ ಕಿತ್ತು ಸಿಕ್ಕಿಸಿಕೊಂಡಿದ್ದರು.

ಸಂಧ್ಯಾ ಲ್ಯಾಪ್‌ಟಾಪನ್ನು ಇನ್ನಷ್ಟು ಅವಚಿಕೊಂಡಳು. ಮದುವೆಗೆ ಬಂದ ಅಷ್ಟು ಜನ ಓದುತ್ತಾರೆ. ಅದಿರಲಿ, ಇವನು ಓದುತ್ತಾನೆ. ನಾಳೆಯಿಂದ ಆ ಫ್ಯಾನು ಯಾವ ಕಡೆ ತಿರುಗೀತು? ಯಾರೋ ಫ್ಯೂಸ್ ಎಂದು ಕೂಗಿದರು, ಇನ್ಯಾರೋ ಓಡಿಹೋಗಿ ಸರಿಪಡಿಸಿದರು. ಬೋರ್ಡು ಒಮ್ಮೆ ಮಿಣುಕಿ ಹೊತ್ತಿಕೊಂಡಿತು. ಅವಳು ಕಣ್ಣು ಮುಚ್ಚಿದಳು.

ಸಿದ್ದಬಸಪ್ಪನವರ ನಗು ಕೇಳಿಸಿತು. "ಇದಪ್ಪ ಬೋರ್ಡು ಅಂದ್ರೆ. ನಮಗಿಂತ ಚೆನ್ನಾಗಿ ಉಪಚಾರ ಮಾಡ್ತಿದೆ."

ಕಣ್ಣು ತೆರೆದಳು. 'ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು' ಎಂಬ ಸಾಲು ಕೆಂಪಗೆ, ಗಂಭೀರವಾಗಿ ಓಡುತ್ತಿತ್ತು.

ಹಿಡಿದಿದ್ದ ಉಸಿರೆಲ್ಲ ಒಟ್ಟಿಗೆ ಹೊರಬಂತು. ನಗು ಬಂತು, ಅದರ ಹಿಂದೆಯೇ ಅಳುವೂ ಬಂದಂತಾಯಿತು. ಮುನೇಶ ಏನೂ ಆಗದವನಂತೆ ಬ್ಯಾಟರಿ ತಂತಿ ಜೋಡಿಸಿ, ಮದುಮಕ್ಕಳ ಹೆಸರನ್ನು ಮತ್ತೆ ಹೊಡೆದು, ಕೈ ಒರೆಸಿಕೊಂಡು ಬಂದು ಅವಳ ಪಕ್ಕದಲ್ಲಿ ನಿಂತ. ಜನ ಊಟದ ಮನೆಗೆ ಇಳಿಯುತ್ತಿದ್ದರು. ಬಾಗಿಲಲ್ಲಿ ಉಳಿದದ್ದು ಅವರಿಬ್ಬರೇ.

ಆ ಸಾಲನ್ನು ಬದಲಾಯಿಸಿದವನು ಅವನೇ ಎಂದು ಅವಳಿಗೆ ಗೊತ್ತಾಗಿ ಹೋಗಿತ್ತು. ಅಂದರೆ ಅವನು ಓದಿದ್ದಾನೆ.

"ಪ್ಯಾಕ್ ಮಾಡೋಕೆ ಮುಂಚೆ ಆನ್ ಮಾಡಿ ನೋಡ್ದೆ," ಎಂದ ಮುನೇಶ, ಅವಳನ್ನು ನೋಡದೆ, ಓಡುವ ಹೆಸರನ್ನು ನೋಡುತ್ತ. "ಬೋರ್ಡಲ್ಲಿರೋ ಖಾಯಂ ಸಾಲು ಮಾತ್ರ ಬದಲಾಯಿಸ್ದೆ. ನಿಮ್ಮ ಫೈಲ್ ಮುಟ್ಲಿಲ್ಲ. ಮುಟ್ಟೋಕೆ ಮನಸ್ಸು ಬರ್ಲಿಲ್ಲ."

ಅವಳು ಬೆರಳಿಗೆ ಸುತ್ತಿದ್ದ ಕೇಬಲನ್ನು ಬಿಚ್ಚತೊಡಗಿದಳು.

"ಯಾರಿಗೂ ಹೇಳಿಲ್ಲ," ಎಂದ. ಅವನ ಕಿವಿಯ ತುದಿ ಬೋರ್ಡಿನಷ್ಟೇ ಕೆಂಪಾಗಿತ್ತು. "ಕೆಲಸ ಮಾಡೋವಾಗ ಕೈಗೆ ಬಂದಿದ್ದು ಹೊಡೀತೀವಿ, ಅಲ್ವಾ? ಟೆಸ್ಟಿಗೆ ಹಾಕಿದ್ರಿ ಅಂದ್ಕೊಂಡು ತೆಗೆದೆ. ಟೆಸ್ಟೇ ತಾನೆ?"

ಎಷ್ಟು ಹಗುರವಾಗಿ ದಾರಿ ಬಿಟ್ಟುಕೊಟ್ಟಿದ್ದ. ಹೌದು ಎಂದರೆ ಸಾಕಿತ್ತು. ಅವನೂ ನಗುತ್ತಿದ್ದ, ಇವಳೂ ನಗುತ್ತಿದ್ದಳು, ಊಟ ಮಾಡಿ ಆಫೀಸಿಗೆ ಹೋಗಬಹುದಿತ್ತು. ಆದರೆ ಕೇಳಿದವನ ದನಿ ಕೊನೆಯಲ್ಲಿ ಸ್ವಲ್ಪ ಬಿದ್ದುಹೋಗಿತ್ತು, ಹೌದೆಂಬ ಉತ್ತರಕ್ಕೆ ಹೆದರಿದವನ ಹಾಗೆ. ಅದನ್ನು ಅವಳು ಕೇಳಿಸಿಕೊಂಡಳು.

ಇವತ್ತಿನ ಉತ್ತರವನ್ನು ಬಸ್ಸಿನ ತನಕ ಒಯ್ಯಬಾರದು ಎನಿಸಿತು. ಲ್ಯಾಪ್‌ಟಾಪನ್ನು ಕಂಬದ ಬುಡದಲ್ಲಿಟ್ಟು, ತಲೆಯೆತ್ತಿ, ಮೊದಲ ಸಲ ಅವನ ಕಣ್ಣನ್ನು ನೇರವಾಗಿ ನೋಡಿದಳು.

"ಟೆಸ್ಟ್ ಅಲ್ಲ, ಮುನೇಶ್. ಅದು ನನ್ನಾಸೆ."