ಕೆಂಪು ಪಟ್ಟಿ ಕಿತ್ತ ಮಧ್ಯಾಹ್ನ

"ಆ ವೈರ್ ಮುಟ್ಟಬೇಡಿ!"

ಮಂಗಳಗೌರಿ ಕೂಗಿದ್ದಷ್ಟೇ ಅಲ್ಲ, ಓಡಿಬಂದು ಅವನ ಮಣಿಕಟ್ಟನ್ನೇ ಹಿಡಿದುಬಿಟ್ಟಳು. ಅವನ ಸ್ಕ್ರೂಡ್ರೈವರ್ ಟಣ್ ಅಂತ ಕೆಳಗೆ ಬಿತ್ತು.

"ತೊಟ್ಟಿಲಿ ಅರಿಸಿನ ಬೇಯ್ತಾ ಅದೆ. ಈ ವೈರ್ ಕಿತ್ರೆ ನೀರು ತಣ್ಣಗಾಯ್ತು ಅನ್ಕಂಡು ಪಿಎಲ್‌ಸಿ ಪೂರ್ತಿ ಆವಿ ಬುಟ್ಬುಡ್ತದೆ. ಒಂದು ಮಾತು ಕೇಳ್ದೆ ಕೀಳೋದಾ?"

"ತಪ್ಪಾಯ್ತು ಮೇಡಂ... ಕೈ ಬುಟ್ರೆ ಕೇಳ್ತೀನಿ."

ಆಗ ನೋಡಿಕೊಂಡಳು. ಅವನ ಕೈ ಇನ್ನೂ ತನ್ನ ಕೈಯಲ್ಲೇ ಇತ್ತು! ಅಯ್ಯೋ ದೇವರೇ...

ಬದನಗುಪ್ಪೆಯ ಅರಿಸಿನ ಕಾರ್ಖಾನೆಯ ಪ್ಯಾನೆಲ್ ರೂಮಿನಲ್ಲಿ ಅವರಿಬ್ಬರ ಪರಿಚಯ ಆದದ್ದು ಹೀಗೆ, ಬೈಗುಳದಿಂದ. ಅವಳು ಹರವೆಯ ಹುಡುಗಿ, ಡಿಪ್ಲೊಮಾ ಮುಗಿಸಿ ಇಲ್ಲಿ ಟೆಕ್ನಿಷಿಯನ್ ಆಗಿದ್ದಳು. ಅವನು ಸೋಮೇಶ್, ಗುಂಡ್ಲುಪೇಟೆಯವನು. ಸರ್ವಿಸ್ ಕಂಪನಿಯವರು ರಿಪೇರಿಗೆ ಕಳಿಸಿದ್ದರು. ತೊಟ್ಟಿಗೆ ಆವಿ ಬಿಡುವ ಪಿಎಲ್‌ಸಿ ಅನ್ನೋ ಕಂಪ್ಯೂಟರಿನ ಪರದೆಯ ಮೇಲೆ ನೀರಿನ ಬಿಸಿ ಎಂಬತ್ತು, ನಲವತ್ತು, ನೂರು ಅಂತ ಹುಚ್ಚೆದ್ದು ಕುಣಿಯುತ್ತಿತ್ತು.

"ಇನ್‌ಪುಟ್ ಕಾರ್ಡ್ ಹೋಗಿದೆ, ಬಿಸಿ ಓದೋದು ಅದೇ. ಬದಲಾಯಿಸ್ಬೇಕು," ಅಂದ ಅವನು.

"ಟೆಸ್ಟ್ ಮಾಡ್ದೆ ಹೆಂಗೇಳ್ತೀರಿ?"

ತೊಟ್ಟಿ ಖಾಲಿಯಾದ ಮೇಲೆ ಅವಳೇ ಲೈನ್ ಬಿಚ್ಚಿ, ಪರೀಕ್ಷೆಗೆಂದು ಇಟ್ಟಿದ್ದ ಕ್ಯಾಲಿಬ್ರೇಟರ್‌ನಿಂದ ಕಾರ್ಡಿಗೆ ನೇರವಾಗಿ ಹನ್ನೆರಡು ಮಿಲಿಆಂಪ್ ಕೊಟ್ಟಳು. ಪರದೆಯ ಮೇಲೆ ಅಷ್ಟಕ್ಕೆ ಬರಬೇಕಾದ ಅರವತ್ತು ಡಿಗ್ರಿಯೇ ಬಂದು ನಿಂತಿತು. ಒಂದಿಷ್ಟೂ ಅಲುಗಲಿಲ್ಲ.

"ನೋಡಿದ್ರಾ? ಕಾರ್ಡ್ ಚೆನ್ನಾಗೇ ಅದೆ. ರೋಗ ಇರೋದು ಕೇಬಲ್‌ನಾಗೆ."

ಹುಡುಕಿದರೆ ಕೇಬಲ್ಲಿನ ಸುತ್ತಲ ತಂತಿ ಜಾಲರಿಗೆ ಒಂದೇ ತುದಿಯಲ್ಲಿ ಕೊಡಬೇಕಾದ ಅರ್ಥಿಂಗನ್ನು ಎರಡೂ ತುದಿಯಲ್ಲಿ ಕೊಟ್ಟಿದ್ದರು. ಒಂದು ತುದಿ ಬಿಡಿಸಿದ್ದೇ ತಡ, ಕುಣಿತ ನಿಂತಿತು.

"ಸೋತೆ," ಅಂತ ನಕ್ಕ ಸೋಮೇಶ್. ಸೋತವನು ಅಷ್ಟು ಚೆಂದ ನಗಬಾರದಿತ್ತು!

ಆಮೇಲೆ ಅವನು ಕೆಲಸ ಇದ್ದಾಗಲೂ ಬಂದ, ಇಲ್ಲದಾಗಲೂ ಬಂದ. ತೊಟ್ಟಿ ನೋಡಿಕೊಳ್ಳುವ ಆಪರೇಟರ್ ಮಹದೇವಸ್ವಾಮಿಗೆ ಎಲ್ಲ ಗೊತ್ತಾಗಿಹೋಯಿತು. ಚಂದಕವಾಡಿಯ ಆ ಮನುಷ್ಯನನ್ನು ಗೌರಿ ಮಾವ ಅಂತಲೇ ಕರೆಯುತ್ತಿದ್ದಳು. "ಏನ್ಲಾ ಸೋಮೇಸ, ನಮ್ ಪ್ಯಾನೆಲ್‌ಗೆ ವಾರಕ್ಕೆ ಮೂರ್ ಸಲ ಜ್ವರ ಬತ್ತದಲ್ಲಾ?" ಅಂತ ಅವರು ಕಾಲೆಳೆಯುತ್ತಿದ್ದರು.

ನಾಲ್ಕು ತಿಂಗಳಿಗೆ ಕಾರ್ಡ್ ನಿಜವಾಗಿಯೂ ಸುಟ್ಟಿತು.

ಕಾರ್ಡ್ ಬದಲಿಸುವಾಗ ಉಳಿದ ಯಂತ್ರಗಳು ನಿಲ್ಲದಿರಲಿ ಅಂತ ಬಿಸಿಯ ಅಂಕಿಯನ್ನು ಒಂದು ಕಡೆ ಕಟ್ಟಿಹಾಕುತ್ತಾರೆ. ಅದಕ್ಕೆ ಫೋರ್ಸ್ ಮಾಡುವುದು ಅನ್ನುತ್ತಾರೆ. ಹಾಗೆ ಮಾಡಿದವರು ಪ್ಯಾನೆಲ್ ಬಾಗಿಲಿಗೆ ಕೆಂಪು ಪಟ್ಟಿ ಅಂಟಿಸಬೇಕು, ಫೋರ್ಸ್ ತೆಗೆದ ಮೇಲೆ ಅವರೇ ಕೀಳಬೇಕು. ಪಟ್ಟಿ ಇರುವ ತನಕ ಯಾರೂ ಆವಿ ಬಿಡುವಂತಿಲ್ಲ. ಅವತ್ತು ಅರವತ್ತಕ್ಕೆ ಫೋರ್ಸ್ ಮಾಡಿದವಳು ಗೌರಿ. ಪಟ್ಟಿ ಅಂಟಿಸಿದವಳೂ ಅವಳೇ.

ಹೊಸ ಕಾರ್ಡಿನ ಕೊನೆಯ ಸ್ಕ್ರೂ ಬಿಗಿಯುತ್ತಾ ಸೋಮೇಶ್ ಮೆಲ್ಲಗೆ ಅಂದ. "ಗೌರಿ... ಈ ಭಾನುವಾರ ನಮ್ಮವ್ವನ್ನ ಕರ್ಕಂಡು ನಿಮ್ಮನೆಗೆ ಬರ್ಲಾ?"

ಅವಳಿಗೆ ಕಣ್ಣು ತುಂಬಿ ಬಂತು. ಪರದೆಯ ಮೇಲೆ ಅರವತ್ತು ಸ್ಥಿರವಾಗಿ ಕಾಣುತ್ತಿತ್ತು. ಕಾರ್ಡ್ ಚೆನ್ನಾಗಿ ಓದುತ್ತಿದೆ ಅಂದುಕೊಂಡಳು. ಅದು ತಾನೇ ಕಟ್ಟಿಹಾಕಿದ ಅರವತ್ತು ಅನ್ನೋದು ಹೊಳೆಯಲೇ ಇಲ್ಲ. ಪಟ್ಟಿ ಕಿತ್ತಳು.

"ಪಟ್ಟಿ ಕಿತ್ತಾ ಕಣಮ್ಮಿ? ಆವಿ ಬುಡ್ಲಾ?" ಹೊರಗಿನಿಂದ ಮಹದೇವಸ್ವಾಮಿ ಕೂಗಿದರು.

"ಬುಡಿ ಮಾವಾ!"

ನೀರು ಎಂಬತ್ತು ಡಿಗ್ರಿ ಮುಟ್ಟಿದಾಗ ಆವಿ ತಾನಾಗೇ ನಿಲ್ಲಬೇಕಿತ್ತು. ನೀರು ಎಷ್ಟು ಕುದಿದರೂ ಪಿಎಲ್‌ಸಿಗೆ ಕಂಡದ್ದು ಅರವತ್ತೇ. ಅದು ಆವಿ ಬಿಡುತ್ತಲೇ ಹೋಯಿತು. ಅರ್ಧ ಗಂಟೆಗೆ ತೊಟ್ಟಿ ಉಕ್ಕಿ ಹೊರಚೆಲ್ಲಿತು. ಕುದಿನೀರು ಕಾಲಿಗೆ ಬಿದ್ದ ಮಹದೇವಸ್ವಾಮಿಯ ಆ ಚೀರಾಟ...

ಮಾರನೇ ದಿನ ಮ್ಯಾನೇಜರ್ ಇಬ್ಬರನ್ನೂ ಕರೆಸಿ ಕೇಳಿದರು. "ಫೋರ್ಸ್ ತೆಗೀದೆ ಪಟ್ಟಿ ಕಿತ್ತಿದ್ದು ಯಾರು?"

ಗೌರಿಗೆ 'ನಾನು' ಅನ್ನಲು ಎಷ್ಟು ಹೊತ್ತು ಬೇಕು?

"ನಾನೇ ಸಾರ್," ಅಂದ ಸೋಮೇಶ್.

ಅವಳು ಬೆಚ್ಚಿ ಅವನ ಕಡೆ ತಿರುಗಿದಳು. ಸುಮ್ಮನಿರು ಅನ್ನುವಂತೆ ಅವನು ತಲೆಯಾಡಿಸಿದ. ಅವಳು ಸುಮ್ಮನಿದ್ದಳು. ಪ್ರೀತಿಗಲ್ಲ, ಹೆದರಿಕೆಗೆ. ಈ ಕಥೆ ಹೇಳುತ್ತಿರುವ ನನಗೆ ಅವಳ ಮೇಲೆ ಎಷ್ಟೇ ಅಕ್ಕರೆ ಇದ್ದರೂ ಇದನ್ನು ಮುಚ್ಚಿಡಲಾರೆ.

ಅವನ ಕೆಲಸ ಹೋಯಿತು. ಭಾನುವಾರ ಬಂತು, ಹರವೆಗೆ ಯಾರೂ ಬರಲಿಲ್ಲ. ಅವನ ಫೋನೂ ಬರಲಿಲ್ಲ. 'ನನ್ನ ಮುಖ ಕಂಡರೆ ಅಸಹ್ಯ ಆಗಿರಬೇಕು... ಆಗಲೇಬೇಕಲ್ವಾ?' ತಾನೇ ಮಾಡೋಣ ಅಂದರೆ ಬೆರಳು ಅವನ ಹೆಸರಿನವರೆಗೆ ಹೋಗಿ ಹಿಂದೆ ಬರುತ್ತಿತ್ತು. ಊಟ ಸೇರುತ್ತಿರಲಿಲ್ಲ. ಆದರೂ ದಿನಾ ಅದೇ ರೂಮಿಗೆ ಹೋಗಿ ಕೂರುತ್ತಿದ್ದಳು. ಐದು ತಿಂಗಳು ಹೀಗೇ ಸತ್ತವಳ ಹಾಗೆ ಬದುಕಿದಳು.

ಆರನೇ ತಿಂಗಳು ತಡೆಯಲಾಗದೆ ಚಂದಕವಾಡಿಗೆ ಹೋದಳು. ಮಹದೇವಸ್ವಾಮಿ ಜಗಲಿಯ ಮೇಲೆ ಎಡಗಾಲು ನೀಡಿಕೊಂಡು ಕೂತಿದ್ದರು. ಅದು ಇನ್ನು ಮಡಚುವುದಿಲ್ಲ ಅಂತ ಡಾಕ್ಟರು ಹೇಳಿದ್ದರಂತೆ.

"ಮಾವ... ಅವತ್ತು ತಪ್ಪು ಮಾಡಿದ್ದು ಸೋಮೇಶ್ ಅಲ್ಲ. ನಾನು."

"ಗೊತ್ತು ಕಣಮ್ಮಿ. 'ಬುಡಿ ಮಾವಾ' ಅಂದಿದ್ದು ನೀನೇ ಅಲ್ವಾ?"

ಅವಳು ತಲೆಯೆತ್ತಿ ಅವರ ಮುಖ ನೋಡಿದಳು.

"ಯಾರ್ಗೂ ಯೋಳ್ಬೇಡಿ ಅಂತ ಅವ್ನು ನನ್ ಕೈ ಹಿಡ್ಕಂಡು ಅತ್ತ. ವಾರ ವಾರ ಬತ್ತನೆ, ಈ ಕಾಲಿಗೆ ಮುಲಾಮು ಹಚ್ತನೆ. ತಪ್ಪು ಯಾರ್ ಮಾಡಲ್ಲ ಬುಡು... ಆದ್ರೆ ನೀನ್ಯಾಕೆ ಒಂದ್ ದಿನಾನೂ ಬರ್ನಿಲ್ಲ?"

ಗೌರಿ ಅಲ್ಲೇ ಕುಸಿದು ಕೂತು ಅತ್ತಳು. ಅವರು ತಡೆಯಲಿಲ್ಲ.

ಮರುದಿನ ಮ್ಯಾನೇಜರ್ ಮುಂದೆ ಎಲ್ಲ ಬರೆದುಕೊಟ್ಟಳು. ಮಧ್ಯಾಹ್ನದೊಳಗೆ ಕೆಲಸ ಹೋಯಿತು. ಅಲ್ಲಿಂದ ನೇರ ಗುಂಡ್ಲುಪೇಟೆ ಬಸ್ಸು ಹತ್ತಿದಳು.

ಸೋಮೇಶ್ ಈಗ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಪಂಪಿನ ಮೋಟರಿಗೆ ತಂತಿ ಸುತ್ತುತ್ತಿದ್ದ. ಸೊರಗಿಹೋಗಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ತಂತಿ ಬಿಟ್ಟು ಎದ್ದ.

"ಎಲ್ಲಾ ಬರ್ದುಕೊಟ್ಟೆ. ಇನ್ಮೇಲೆ ನಿಮ್ಮೇಲೆ ಯಾವ ಕಳಂಕಾನೂ ಇಲ್ಲ."

"ಕಳಂಕ!" ಅವನ ದನಿ ಒಡೆಯಿತು. "ಅದಕ್ಕಾ ನಾನ್ ಕಾದಿದ್ದು? ಒಂದೇ ಒಂದು ಫೋನ್, ಗೌರಿ. 'ಹೇಗಿದೀಯಾ' ಅಂತ ಒಂದು ಮಾತು. ನಾನು ಹೋಗಿದ್ದೇ ನಿಂಗೆ ಅನುಕೂಲ ಆಯ್ತು ಅನ್ಕಂಡೆ..."

"ನಿಮಗೆ ನನ್ನ ಕಂಡ್ರೆ ಅಸಹ್ಯ ಅನ್ಕಂಡಿದ್ದೆ..."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಐದು ತಿಂಗಳು ಎಷ್ಟು ಸುಲಭವಾಗಿ ಹಾಳಾಗಿತ್ತು!

"ನನ್ನ ಕ್ಷಮಿಸ್ತೀರಾ?"

"ಕ್ಷಮಿಸೋಕೆ ನಾನ್ಯಾರು? ಸುಟ್ಟಿದ್ದು ನನ್ ಕಾಲಲ್ಲ."

ಅವಳು ತಲೆ ತಗ್ಗಿಸಿದಳು. ಅದು ನಿಜವಾದ ಮಾತು, ಎಷ್ಟು ಅತ್ತರೂ ಬದಲಾಗುವುದಿಲ್ಲ. ತಿರುಗಿ ಹೊರಟವಳ ಕೈಯನ್ನು ಅವನ ಗ್ರೀಸು ಮೆತ್ತಿದ ಕೈ ಹಿಡಿಯಿತು.

"ಎಲ್ಲಿಗೆ?"

"ಗೊತ್ತಿಲ್ಲ."

"ನಾಳಿದ್ದು ಭಾನುವಾರ. ಆ ಮಾವನ ಕಾಲಿಗೆ ಮುಲಾಮು ಹಚ್ಬೇಕು. ನನ್ ಕೈ ಒರಟು ಅಂತ ಪ್ರತಿ ಸಲ ಬೈತಾರೆ ಗೌರಿ..."

"ನಾನ್ ಹಚ್ಚಿದ್ರೆ... ಬೇಡ ಅಂದ್ರೆ?"

"ಅನ್ಲಿ. ಮುಂದಿನ ವಾರ ಮತ್ತೆ ಹೋಗನ. ಅದರ ಮುಂದಿನ ವಾರಾನೂ."

"ಎಷ್ಟು ವಾರ?"

"ಅವರು ಇರೋ ತನಕ. ನಾವಿಬ್ರೂ."