ಬೆರಳು ತಾಗದೇ ಹೋದ ಉತ್ತರ

"ಹೊಡೀಬೇಡಿ ಅದಕ್ಕೆ!"

ಪ್ರಿಂಟರಿನ ತಲೆಗೆ ಗುದ್ದಲು ಎತ್ತಿದ್ದ ಕೈ ಹಾಗೇ ನಿಂತಿತು. ಬಾಗಿಲಲ್ಲಿ, ಹೆಗಲಿಗೆ ಟೂಲ್ ಬ್ಯಾಗ್ ಹಾಕಿದ್ದ ಆಸ್ಪತ್ರೆಯ ಹೊಸ ಕಂಪ್ಯೂಟರ್ ಮೆಕ್ಯಾನಿಕ್!

"ಹೊರಗೆ ಇಪ್ಪತ್ತು ಜನ ರಿಪೋರ್ಟಿಗೆ ಕಾಯ್ತಿದಾರೆ. ಇದಕ್ಕೇನು ಪೂಜೆ ಮಾಡ್ಲಾ?" ಎಂದಳು ರಕ್ತಪರೀಕ್ಷೆಯ ಲ್ಯಾಬಿನ ಹುಡುಗಿ.

ಅವನು ನಕ್ಕ. ಹಿಂಬದಿಯ ಮುಚ್ಚಳ ತೆಗೆದು, ಒಳಗೆ ಸಿಕ್ಕಿಕೊಂಡಿದ್ದ ಹರಿದ ಕಾಗದ ಎಳೆದು ಅವಳ ಮುಂದಿಟ್ಟ.

ಆಮೇಲಿನ ನಾಲ್ಕು ತಿಂಗಳಲ್ಲಿ ಅವನು ಲ್ಯಾಬಿಗೆ ಬರುವುದು ಮಾಮೂಲಾಯಿತು. ಪಾಸ್‌ವರ್ಡ್ ಮರೆತರೆ ಅವನೇ, ನೆಟ್ ಕೈಕೊಟ್ಟರೆ ಅವನೇ. ಕೆಲವು ಸಲ ಏನೂ ಕೆಟ್ಟಿರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು... ಬಾಯಿ ಮಾತ್ರ ಯಾರೂ ಬಿಡಲಿಲ್ಲ.

ಕೊನೆಗೆ ಅವಳೇ ಧೈರ್ಯ ಮಾಡಿ ಮೆಸೇಜ್ ಹಾಕಿದಳು.

'ಮನೇಲಿ ಗಂಡು ನೋಡಿದಾರೆ. ಶುಕ್ರವಾರದೊಳಗೆ ಉತ್ತರ ಹೇಳ್ಬೇಕು. ಒಪ್ಪಿಕೊಳ್ಳಲಾ?'

ಅರ್ಧ ನಿಮಿಷದಲ್ಲಿ ಉತ್ತರ ಬಂತು. 'ಅಭಿನಂದನೆಗಳು!'

ಇಷ್ಟೇನಾ? ಇಷ್ಟು ಸಲೀಸಾ ಇವನಿಗೆ?

ಅವಳು ಅವನ ನಂಬರನ್ನು ಬ್ಲಾಕ್ ಮಾಡಿದಳು. ಊಟ ಸೇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಪ್ರಿಂಟರ್ ನಿಜಕ್ಕೂ ಕೆಟ್ಟಿತು. ಅವನು ಬಂದ.

"ಸರಿ ಮಾಡಿ, ಹೋಗಿ," ಎಂದಳು, ಮುಖ ನೋಡದೆ.

"ಮೂರು ದಿನದಿಂದ ಕಾಲ್ ಹೋಗ್ತಿಲ್ಲ. ನಾನೇನ್ ಮಾಡ್ದೆ?"

"ಅಭಿನಂದನೆ ಹೇಳಿದ್ರಲ್ಲ... ನನ್ನ ಮದುವೆಗೆ!"

"ಮದುವೇನಾ?" ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು.

ಅವಳು ತನ್ನ ಫೋನ್ ಮುಂದೆ ಹಿಡಿದಳು. ಓದಿ ಅವನ ಮುಖ ಬಿಳಿಚಿಕೊಂಡಿತು.

"ನಾನಿದನ್ನ ನೋಡೇ ಇಲ್ಲ! ಫೋನ್ ಬಿದ್ದು ಗಾಜು ಒಡೆದಿದೆ. ಅವತ್ತಿಂದ ತಾನೇ ಏನೇನೋ ಒತ್ಕೊಳ್ಳುತ್ತೆ. ಮೆಸೇಜ್ ಕೆಳಗೆ ಫೋನೇ ರೆಡಿ ಉತ್ತರ ತೋರಿಸುತ್ತಲ್ಲ, ಅದನ್ನೇ ಒತ್ತಿರ್ಬೇಕು. ಬಾಯಲ್ಲಿ ಹೆಸರು ಹೇಳಿದ್ರೆ ಕಾಲ್ ಹೋಗುತ್ತೆ, ನಾನು ಮುಟ್ಟಿದ್ರೆ ಮೆಸೇಜೇ ತೆರೆಯಲ್ಲ. ಹೊಸ ಗಾಜಿಗೆ ಹೇಳಿದೀನಿ, ಇನ್ನೂ ಬಂದಿಲ್ಲ."

"ಕಥೆ ಕಟ್ಬೇಡಿ."

ಅವನು ಫೋನನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಕ್ಯಾಲ್ಕುಲೇಟರ್ ತೆರೆದುಕೊಂಡಿತು. ಟಾರ್ಚ್ ಹತ್ತಿತು. ಆಮೇಲೆ ಕಾಲ್ ಹೋಗಿ, ಸ್ಪೀಕರ್ ಕೂಡ ಆನ್ ಆಯಿತು!

"ಏನೋ, ಮತ್ತೆ ತಾನೇ ಬಂತಾ ಕಾಲ್?" ಅವನ ಅಮ್ಮನ ದನಿ. "ಇರ್ಲಿ. ಆ ಲ್ಯಾಬ್ ಹುಡುಗಿಗೆ ಹೇಳ್ದಾ, ಇಲ್ಲ ಇವತ್ತೂ ಬಾಯಿಗೆ ಬೀಗಾನಾ?"

ಅವನು ಹಾರಿ ಬಂದು ಕಾಲ್ ಕತ್ತರಿಸಲು ಒದ್ದಾಡಿದ. ಆಗಲಿಲ್ಲ.

"ಅಮ್ಮಾ, ನೀನೇ ಇಡು!"

ಅತ್ತ ಕಡೆಯಿಂದ ಕಾಲ್ ಕಟ್ಟಾಯಿತು. ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ಏನು ಹೇಳ್ಬೇಕಿತ್ತು?" ಮೆಲ್ಲಗೆ ಕೇಳಿದಳು.

"ಆ ಗಂಡು ಬೇಡ ಅನ್ನಿ."

"ಅಪ್ಪ ಕಾರಣ ಕೇಳ್ತಾರೆ."

"ನಾನಿದೀನಿ ಅನ್ನಿ. ಸಂಜೆ ನಾನೇ ಮನೆಗೆ ಬಂದು, ಎದುರಿಗೆ ಕೂತು ಕೇಳ್ತೀನಿ. ಬೈದರೆ ಬೈಸಿಕೊಳ್ತೀನಿ."

ಹೊರಗಿನಿಂದ ಯಾರೋ ಕೂಗಿದರು, "ರಿಪೋರ್ಟ್ ಆಯ್ತಾಮ್ಮಾ?"

"ಐದು ನಿಮಿಷ ಕೂತಿರಿ ಅಜ್ಜಿ, ಆಗುತ್ತೆ," ಎಂದು ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು. "ಒಂದು ಮಾತು. ನನ್ನನ್ನ ಬಹುವಚನದಲ್ಲಿ ಕರೆಯೋದು ಇನ್ನಾದ್ರೂ ಬಿಡಿ."

"ಸರಿ... ನೀನು ಮೊದಲು ಅಳು ನಿಲ್ಸು."

"ನಿಲ್ಸಿದೆ. ಸಂಜೆ ಆರಕ್ಕೆ ಬಾ."